ಅಣಶಿಯ ಕಾಡು, ಕುಣಬಿಯರ ನೆಲ

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಿಂದ ಪಶ್ಚಿಮಕ್ಕೆ ಸಾಗಿದರೆ ಜೋಯಿಡಾದ ದಟ್ಟ ಅರಣ್ಯ. ಅಲ್ಲಿ 1956ರಲ್ಲಿ ದಾಂಡೇಲಿ ಅಭಯಾರಣ್ಯವೂ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ ಘೋಷಿತವಾದವು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಜೀವದಯೆಯನ್ನು ಧರ್ಮವೆಂದು ನಂಬಿದವರಿಗೆ ಇದು ಹರ್ಷದ ಸಂಗತಿಯೇ ಸರಿ. ಆದರೆ ಆ ಕಾಡಿನಲ್ಲಿ ತಲೆಮಾರುಗಳಿಂದ ಗದ್ದೆ ಉತ್ತು, ಗೆಡ್ಡೆಗೆಣಸು ಬೆಳೆದು ಬಾಳಿದ ಕುಣಬಿ ಕುಟುಂಬಗಳಿದ್ದವು. ಸೂಪಾ ಅಣೆಕಟ್ಟಿಗಾಗಿ ಊರು ಮುಳುಗಿ ಜನ ರಾಮನಗರಕ್ಕೆ ಹೋದದ್ದೂ ಇದೇ ತಾಲ್ಲೂಕಿನಲ್ಲಿ.

ಸ್ವಯಂಪ್ರೇರಣೆಯಿಂದ ಹೊರಬರುವ ಪ್ರತಿ ಕುಟುಂಬಕ್ಕೆ ಕೇಂದ್ರದ ಯೋಜನೆ 2008ರಲ್ಲಿ 10 ಲಕ್ಷ ರೂಪಾಯಿ ಗೊತ್ತುಮಾಡಿತು. 2021ರಲ್ಲಿ ಅದು 15 ಲಕ್ಷವಾಯಿತು. ಹತ್ತು ಗುಂಟೆಯವನಿಗೂ ಐದು ಎಕರೆಯವನಿಗೂ ನಗದು ಒಂದೇ. ನೆಲವನ್ನು ಅಳೆಯದೆ ಕುಟುಂಬವನ್ನು ಎಣಿಸಿ ಕೊಡುವ ಈ ಹಣವನ್ನು ಭೂಮಿಯ ಬೆಲೆಯೆಂದು ಕರೆಯುವುದು ಕಷ್ಟ.

ಶ್ರಾವಕನ ಅಣುವ್ರತಗಳಲ್ಲಿ ಅಹಿಂಸೆಯೊಡನೆ ಅಚೌರ್ಯವೂ ಇದೆ. ಒಡೆಯನು ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಹುಲಿಯ ಮೇಲಿನ ಕರುಣೆ ಈ ದೋಷವನ್ನು ತೊಳೆಯಲಾರದು. ರಸ್ತೆಯಿಲ್ಲದೆ, ದೀಪವಿಲ್ಲದೆ ಬೇಸತ್ತವನು ಹಾಕಿದ ಸಹಿ ‘ದತ್ತ’ವಾದೀತೇ? 2006ರ ಅರಣ್ಯ ಹಕ್ಕು ಕಾಯಿದೆ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ಮೊದಲು ಆ ನೆಲದ ಮೇಲಿನ ಹಕ್ಕನ್ನು ಗುರುತಿಸಬೇಕು, ಗ್ರಾಮಸಭೆಯ ಒಪ್ಪಿಗೆಯನ್ನು ಕೇಳುವುದು ಅನಂತರ.