ಗೋಡೆಯ ಎರಡು ಕಿಂಡಿ

ಚರಿತ್ರೆ ಅಂದ್ರೆ ಕಂಬ ಎಣಿಸೋದು ಅಂತ ನಮಗೆ ಕಲಿಸಿದ್ದಾರೆ. ಹಿರೇಬೆಂಡಿಗೇರಿಯಂಥ ಶಿಗ್ಗಾಂವಿ ಸೀಮೆಯ ಊರಿನವರು ನಾವು ನೋಡಬೇಕಾದ್ದು ಬಂಕಾಪುರ ಕೋಟೆಯ ನಗರೇಶ್ವರನ ಅರವತ್ತು ಕಂಬ, ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲಿನ ಕಮಲ. ಚಾಲುಕ್ಯರು, ಕದಂಬರು ಅಂತ ಬರೆಸಿದರೆ ಪಾಠ ಮುಗೀತು. ಕಲ್ಲು ಹೊತ್ತವರ ಮೊಮ್ಮಕ್ಕಳು ಆ ಹೊಸ್ತಿಲು ದಾಟಬಹುದಿತ್ತೇ? ಈ ಪ್ರಶ್ನೆ ಪರೀಕ್ಷೆಗೆ ಬರೋದಿಲ್ಲ.

ಕಂಬ ಬಿಟ್ಟು ಗೋಡೆ ನೋಡೋಣ. ಗೋಡೆಯಲ್ಲಿನ ಕಿಂಡಿ ನೋಡೋಣ.

ಇದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರನ್ನು ಉಡುಪಿಯ ಗುಡಿಯೊಳಗೆ ಬಿಡಲಿಲ್ಲ, ಗೋಡೆ ಬಿರಿದು ಕೃಷ್ಣನೇ ತಿರುಗಿ ನಿಂತ ಎಂಬ ಕತೆ ಎಲ್ಲರಿಗೂ ಗೊತ್ತು. ದೇವರು ತಿರುಗಿದ್ದನ್ನು ಹಾಡಿ ಹೊಗಳುವವರು ಬಾಗಿಲು ಯಾಕೆ ತೆರೀಲಿಲ್ಲ ಅಂತ ಕೇಳೋದಿಲ್ಲ. ಕಿಂಡಿ ಪವಿತ್ರವಾಯ್ತು, ಬಾಗಿಲು ಹಾಗೇ ಉಳೀತು.

ಇನ್ನೊಂದು ಕಿಂಡಿಗೆ ಕತೆ ಇಲ್ಲ. ಹಳೇ ಪೇಟೆಗಳಲ್ಲಿ ಉಳ್ಳವರ ಮನೆಯ ಮುಂದೆ ಕಟ್ಟೆ, ಕೆತ್ತಿದ ಬಾಗಿಲು. ಹಿಂದೆ ನೀರಿಲ್ಲದ ಪಾಯಖಾನೆ. ಅದರ ಬುಡದಲ್ಲಿ ಹಿತ್ತಲ ಸಂದಿಗೆ ತೆರೆದ ಸಣ್ಣ ಕಿಂಡಿ. ಭಂಗಿ ಹೆಣ್ಣುಮಗಳು ಆ ಸಂದಿಯಲ್ಲೇ ಬರಬೇಕು. ಬಳಿದು, ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು, ಅದೇ ಸಂದಿಯಲ್ಲೇ ಹೋಗಬೇಕು. ಮನೆಯವರ ಕಣ್ಣಿಗೆ ಬೀಳಬಾರದು. ಗೌಂಡಿ ಆ ಕಿಂಡಿ ಬಿಟ್ಟಾಗಲೇ ಯಾವ ಜಾತಿಯ ಕೈ ಅಲ್ಲಿಗೆ ಬರಬೇಕು ಅನ್ನೋದು ತೀರ್ಮಾನವಾಗಿತ್ತು. ಮನುವಿನ ಪುಸ್ತಕ ಓದದ ಮನೆಯಲ್ಲೂ ಮನು ಇಟ್ಟಂಗಿಯೊಳಗೆ ಕೂತಿದ್ದ.

1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರಿಸೋದನ್ನು ನಿಷೇಧಿಸಿದರು. 1993ರ ಕೇಂದ್ರ ಕಾಯ್ದೆ ಇಂಥ ಪಾಯಖಾನೆ ಕಟ್ಟೋದನ್ನೇ ಅಪರಾಧ ಅಂದಿತು. ಬುಟ್ಟಿ ಇಳೀತು ಅನ್ನಿ. ಹೊತ್ತವರು ಎಲ್ಲಿರಬೇಕು?

2010ರ ಜುಲೈನಲ್ಲಿ, ನವಾಬರ ಊರಾದ ಸವಣೂರಿನಲ್ಲಿ, ತಲೆಮಾರುಗಳಿಂದ ಊರು ಬಳಿದ ಭಂಗಿ ಕುಟುಂಬಗಳನ್ನು ವಾಸದ ಜಾಗದಿಂದ ಎಬ್ಬಿಸಲು ಹೊರಟರು. ಅಲ್ಲಿ ವಾಣಿಜ್ಯ ಮಳಿಗೆ ಏಳಬೇಕಿತ್ತು. ಅವರು ಪುರಸಭೆ ಕಚೇರಿ ಎದುರು ನಿಂತು ಮೈಮೇಲೆ ಮಲ ಸುರಿದುಕೊಂಡರು. ಊರು ಸಂದಿಯೊಳಗೆ ಬಚ್ಚಿಟ್ಟದ್ದು ಹಾಡಹಗಲೇ ಕಚೇರಿ ಮುಂದೆ ಬಂತು. ಆಗ ನಾಡು ಮೂಗು ಮುಚ್ಚಿಕೊಂಡು ತಿರುಗಿ ನೋಡಿತು. ಇದಕ್ಕೆ ಯಾರೂ ಗೋಡೆ ಬಿರಿದ ಪವಾಡ ಅನ್ನಲಿಲ್ಲ.

2013ರ ಕಾಯ್ದೆ ಬಂದ ಮೇಲೆ ಮಾಲೀಕ ಸ್ವಂತ ಖರ್ಚಿನಲ್ಲಿ ಅಂಥ ಪಾಯಖಾನೆ ಕೆಡವಬೇಕು, ಇಲ್ಲವೇ ಬದಲಿಸಬೇಕು. ಮಲ ಹೊತ್ತವರಿಗೆ ಮನೆ ಕಟ್ಟಲು ನಿವೇಶನವನ್ನೂ ಆ ಕಾಯ್ದೆ ಹೇಳಿದೆ. ಆ ನಿವೇಶನ ಅಗಸಿಯ ಒಳಗೋ ಹೊರಗೋ ಅನ್ನೋದನ್ನು ಮಾತ್ರ ಬರೆದಿಲ್ಲ.