ಪೀಚಮ್ ರೇಖಾಚಿತ್ರ

ಪೀಚಮ್ ರೇಖಾಚಿತ್ರವು ವಿಲಿಯಂ ಷೇಕ್ಸ್‌ಪಿಯರನ 'ಟೈಟಸ್ ಆಂಡ್ರೋನಿಕಸ್' ಎಂಬ ದುರಂತ ನಾಟಕಕ್ಕೆ ಸಂಬಂಧಿಸಿದ ಮಸಿಚಿತ್ರ. ಇದು ಇಂಗ್ಲೆಂಡಿನ ಲಾಂಗ್‌ಲೀಟ್ ಭವನದ ಹಸ್ತಪ್ರತಿ ಸಂಗ್ರಹಕ್ಕೆ ಸೇರಿದೆ. ಷೇಕ್ಸ್‌ಪಿಯರನ ಕಾಲದಲ್ಲಿಯೇ ಅವನ ನಾಟಕವೊಂದನ್ನು ಕುರಿತು ರಚಿತವಾಗಿ ಇಂದಿಗೆ ಉಳಿದಿರುವ ಏಕೈಕ ಚಿತ್ರವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ವಿದ್ವಾಂಸ ಇ. ಕೆ. ಚೇಂಬರ್ಸ್ 1925ರಲ್ಲಿ ಇದರ ಬಗ್ಗೆ ಲೇಖನ ಪ್ರಕಟಿಸಿದರು.

ವಿವರಣೆ

ಚಿತ್ರದಲ್ಲಿ ಏಳು ವ್ಯಕ್ತಿಗಳಿದ್ದಾರೆ. ರೋಮನ್ ಸೇನಾನಿ ಟೈಟಸ್ ಲಾರೆಲ್ ಎಲೆಗಳ ಮುಡಿಪಟ್ಟಿ ಧರಿಸಿ, ಉದ್ದನೆಯ ದಂಡ ಹಿಡಿದು ನಿಂತಿದ್ದಾನೆ. ಅವನ ಹಿಂದೆ ಇಬ್ಬರು ಸೈನಿಕರಿದ್ದಾರೆ. ಅವನೆದುರು ಸೆರೆಯಾದ ಗಾಥರ ರಾಣಿ ಟಮೋರಾ ಮಂಡಿಯೂರಿ ಬೇಡುತ್ತಿದ್ದಾಳೆ. ಅವಳ ಹಿಂದೆ ಇಬ್ಬರು ಮಕ್ಕಳು ಮಂಡಿಯೂರಿದ್ದಾರೆ. ಬಲತುದಿಯಲ್ಲಿ ಕಪ್ಪುವರ್ಣದ ಆರನ್ ಕತ್ತಿ ಹಿಡಿದು ನಿಂತಿದ್ದಾನೆ. ಚಿತ್ರದ ಕೆಳಗೆ ನಾಟಕದ ಸುಮಾರು 40 ಸಾಲುಗಳನ್ನು ಬರೆಯಲಾಗಿದೆ. ಅಂಚಿನಲ್ಲಿ ಹೆನ್ರಿ ಪೀಚಮ್‌ನ ಹೆಸರು ಲ್ಯಾಟಿನ್ ರೂಪದಲ್ಲಿದ್ದು, ಜೊತೆಗೆ ಸಂಕ್ಷಿಪ್ತವಾಗಿ ಬರೆದ ಇಸವಿಯೊಂದಿದೆ. ಇದನ್ನು 1594, 1595, 1604, 1615 ಎಂದು ಬೇರೆಬೇರೆಯಾಗಿ ಓದಲಾಗಿದೆ.

ವ್ಯಾಖ್ಯಾನ

ಚಿತ್ರವು ನಾಟಕದ ಯಾವುದೇ ಒಂದು ಕ್ಷಣದೊಂದಿಗೆ ಸಂಪೂರ್ಣವಾಗಿ ಹೊಂದುವುದಿಲ್ಲ. ಮೊದಲ ಅಂಕದಲ್ಲಿ ಟಮೋರಾ ತನ್ನ ಹಿರಿಯ ಮಗ ಅಲಾರ್ಬಸ್‌ನೊಬ್ಬನ ಪ್ರಾಣಕ್ಕಾಗಿ ಬೇಡುತ್ತಾಳೆ. ಚಿತ್ರದಲ್ಲಿ ಇಬ್ಬರು ಮಕ್ಕಳು ಶಿಕ್ಷೆಗೆ ಕಾದಿರುವಂತಿದೆ. ಆ ದೃಶ್ಯದಲ್ಲಿ ಆರನ್ ಮಾತಿಲ್ಲದ ಸೆರೆಯಾಳು. ಚಿತ್ರದಲ್ಲಿ ಅವನ ಕೈಯಲ್ಲಿ ಕತ್ತಿಯಿದೆ. ಕೆಳಗಿನ ಪಠ್ಯವೂ ಮೊದಲ ಅಂಕದ ಟಮೋರಾಳ ಮೊರೆಯನ್ನು ಐದನೆಯ ಅಂಕದ ಆರನ್‌ನ ಮಾತಿನೊಂದಿಗೆ ಜೋಡಿಸುತ್ತದೆ. ಆದ್ದರಿಂದ ಇದು ಪ್ರಯೋಗವೊಂದರ ಯಥಾವತ್ ದಾಖಲೆಯಲ್ಲ, ಹಲವು ಸಂದರ್ಭಗಳನ್ನು ಒಂದೆಡೆ ತಂದ ಸಂಯೋಜನೆ ಎಂದು ಅನೇಕರು ಭಾವಿಸಿದ್ದಾರೆ. ಜೂನ್ ಷ್ಲೂಟರ್ 1999ರಲ್ಲಿ ಭಿನ್ನ ವಾದ ಮಂಡಿಸಿದರು. ಚಿತ್ರವು ಷೇಕ್ಸ್‌ಪಿಯರನ ನಾಟಕದ್ದಲ್ಲ, 1620ರಲ್ಲಿ ಜರ್ಮನ್ ಭಾಷೆಯಲ್ಲಿ ಮುದ್ರಿತವಾದ ಟೈಟಸ್ ಕಥೆಯ ನಾಟಕಕ್ಕೆ ಸಂಬಂಧಿಸಿದ ದೃಶ್ಯ ಎಂಬುದು ಅವರ ನಿಲುವು. ಇದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ.

ಮಹತ್ವ

ಈ ಭಿನ್ನಾಭಿಪ್ರಾಯಗಳ ನಡುವೆಯೂ ರಂಗಭೂಮಿಯ ಇತಿಹಾಸಕಾರರಿಗೆ ಚಿತ್ರದ ಉಡುಪುಗಳು ಮುಖ್ಯವಾಗಿವೆ. ಟೈಟಸ್ ರೋಮನ್ ಮಾದರಿಯ ವಸ್ತ್ರ ತೊಟ್ಟಿದ್ದರೆ, ಸೈನಿಕರು ಚಿತ್ರಕಾರನ ಕಾಲದ ಇಂಗ್ಲಿಷ್ ಉಡುಪಿನಲ್ಲಿದ್ದಾರೆ. ಅಂದಿನ ರಂಗದಲ್ಲಿ ಪ್ರಾಚೀನ ಕಥೆಗಳಿಗೆ ಪ್ರಾಚೀನ ಹಾಗೂ ಸಮಕಾಲೀನ ಉಡುಪುಗಳನ್ನು ಬೆರೆಸಿ ಬಳಸುತ್ತಿದ್ದರೆಂಬ ಅಭಿಪ್ರಾಯಕ್ಕೆ ಇದನ್ನು ಆಧಾರವಾಗಿ ಉಲ್ಲೇಖಿಸಲಾಗುತ್ತದೆ. ಕಪ್ಪುವರ್ಣದ ಪಾತ್ರಗಳನ್ನು ಆ ಕಾಲ ಹೇಗೆ ಕಲ್ಪಿಸಿಕೊಂಡಿತ್ತು ಎಂಬುದರ ಅಧ್ಯಯನದಲ್ಲಿಯೂ ಆರನ್‌ನ ಚಿತ್ರಣಕ್ಕೆ ಸ್ಥಾನವಿದೆ.