ನನ್ನ ಮಾರಿ ಯಾರ ಮನ್ಯಾಗೈತೋ

ನಮ್ಮವ್ವ ಮದುವೆಗೆ ಮುಂಚೆ ಒಂದೇ ಒಂದು ಸಲ ಫೋಟೋ ತೆಗೆಸಿಕೊಂಡಿದ್ದಳು. 1954ರಲ್ಲಿ ಅಜ್ಜ ಆಕೆಯನ್ನು ರೋಣದ ಕಡೆಯ ತನ್ನ ಹಳ್ಳಿಯಿಂದ ಗದಗಿಗೆ ಕರೆದುಕೊಂಡು ಹೋಗಿ, ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೈಯಿಡಿಸಿ ನಿಲ್ಲಿಸಿ ತೆಗೆಸಿದ್ದ. ಕನ್ಯಾ ತೋರಿಸಲಿಕ್ಕೆ ಬೇಕಾಗಿತ್ತು. ಆ ಫೋಟೋ ಮೂರು ಊರಿನ ಮೂರು ಮನೆಗಳಿಗೆ ಹೋಯಿತು. ಇಬ್ಬರು ಒಲ್ಲೆವೆಂದು ತಿರುಗಿ ಕಳಿಸಿದರು. ಮೂರನೆಯವರೂ ಒಲ್ಲೆವೆಂದರು, ಫೋಟೋ ಮಾತ್ರ ಕಳಿಸಲಿಲ್ಲ. ನಾಲ್ಕನೆಯವರು, ಅಂದರೆ ನರಗುಂದದ ನಮ್ಮಪ್ಪನ ಮನೆಯವರು, ಫೋಟೋ ಕೇಳದೆ ಹುಡುಗಿಯನ್ನೇ ನೋಡಿ ಒಪ್ಪಿಕೊಂಡರು.

ಅವ್ವ ಈ ಊರಲ್ಲಿ ಐವತ್ತು ವರ್ಷ ಸಂಸಾರ ಮಾಡಿದಳು. ಆದರೆ ಆ ಮೂರನೆಯ ಮನೆಯನ್ನು ಮರೆಯಲಿಲ್ಲ. ರೊಟ್ಟಿ ಬಡಿಯುವಾಗ ನಡುವೆಯೇ ಕೈ ನಿಲ್ಲಿಸಿ, “ನನ್ನ ಮಾರಿ ಯಾರ ಮನಿ ಜಂತ್ಯಾಗ ಸಿಕ್ಕಿಸ್ಯಾರೋ, ಯಾವ ಹುಳಾ ತಿಂದಾವೋ” ಎನ್ನುತ್ತಿದ್ದಳು. ನಾವು ಮಕ್ಕಳು ನಗುತ್ತಿದ್ದೆವು.

ನಿಮ್ಮಲ್ಲಿ ಐವತ್ತು ದಾಟಿದವರಿಗೆ ಇದು ನಗುವ ಮಾತಲ್ಲವೆಂದು ಗೊತ್ತು. ಆಗ ಫೋಟೋ ತೆಗೆಸಿದರೆ ಪ್ರಿಂಟು ನಮ್ಮ ಕೈಗೆ ಬರುತ್ತಿತ್ತು, ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯುತ್ತಿತ್ತು. ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆಯುವವರು ಯಾರೋ, ಪ್ರಿಂಟು ಹಾಕುವವರು ಯಾರೋ. ಬೆಳೆದ ಹುಡುಗಿಯ ನೆಗೆಟಿವ್ ಕೇಳಿ ಇಸಿದುಕೊಂಡು ಬರುವ ತಂದೆಯರನ್ನು ನಾನೇ ನೋಡಿದ್ದೇನೆ. ನಮ್ಮ ಸೀಮೆಯ ಕಲ್ಲುಗುಡಿಗಳಿಗೆ ಈ ಅಂಜಿಕೆ ಇರಲಿಲ್ಲ. ಡಾಕ್ಟರ್ ಪಿಗೌ ಮೊದಲಾದವರು ತೆಗೆದ ಧಾರವಾಡ ಸೀಮೆಯ ಗುಡಿಗಳ ಫೋಟೋಗಳು 1866ರಷ್ಟು ಹಿಂದೆಯೇ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾಡ ಅಂಡ್ ಮೈಸೂರ್’ ಎಂಬ ದೊಡ್ಡ ಗ್ರಂಥವಾಗಿ ಹೊರಬಂದವು. ನರಗುಂದದ ಬಾಬಾಸಾಹೇಬ ಇಂಗ್ಲಿಷರ ಮೇಲೆ ಬಂಡೆದ್ದು, ಬೆಳಗಾವಿಯಲ್ಲಿ ಗಲ್ಲಿಗೇರಿ ಆಗ ಎಂಟೇ ವರ್ಷವಾಗಿತ್ತು. ಕ್ಯಾಮೆರಾ ನಮ್ಮ ಸೀಮೆಗೆ ಅಷ್ಟು ಬೇಗ ಬಂದಿತ್ತು. ಅವ್ವನ ತನಕ ಬರಲಿಕ್ಕೆ ಮತ್ತೆ 88 ವರ್ಷ ಹಿಡಿಯಿತು.

ಎರಡನೆಯ ಸಲ ಕ್ಯಾಮೆರಾ ತಾನಾಗಿಯೇ ಆಕೆಯ ಅಡಿಗೆಮನೆಗೆ ಬಂತು. 1980ರ ಜುಲೈ 21ರ ರೈತ ಬಂಡಾಯವಾಗಿ ಮೂರು ವರ್ಷ ಕಳೆದಿದ್ದವು. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ ಅಕ್ಕನನ್ನು ಪಂಚಮಿಗೆ ಕರೆಯಲು ಬಂದಿದ್ದ. ಚೀಲದಿಂದ ಒಂದು ದಪ್ಪ ಮೂತಿಯ ಡಬ್ಬಿ ತೆಗೆದ. ಪೊಲರಾಯ್ಡ್ ಕ್ಯಾಮೆರಾ. ಅವ್ವ ಒಲೆಯ ಮುಂದೆ ಕೂತಿದ್ದಳು.

“ಅಕ್ಕಾ, ಇತ್ತಾಗ ನೋಡು.”

“ಒಲ್ಲೆಪಾ. ಯಾರ್‍ಯಾರ ಕೈಗೆ ಹೊಕ್ಕೈತೋ ಏನೋ.”

“ಯಾರ ಕೈಗೂ ಹೋಗೂದಿಲ್ಲ. ಇಲ್ಲೇ ನಿನ್ನ ಕೈಯಾಗ ಕೊಡ್ತೀನಿ.”

ಗರ್ ಎಂದು ಸದ್ದಾಗಿ ಡಬ್ಬಿಯ ಬಾಯಿಂದ ಒಂದು ಹಾಳೆ ಹೊರಬಂತು. ಅದರಲ್ಲಿ ಏನೂ ಇರಲಿಲ್ಲ. ನೋಡುನೋಡುತ್ತ ಒಲೆಯ ಕೆಂಪು, ಆಮೇಲೆ ಕೊಣಮಿಗೆ, ಆಮೇಲೆ ಹಿಟ್ಟಿನ ಕೈ, ಕೊನೆಗೆ ಅವ್ವನ ನಗೆ ಮೂಡಿತು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: “ಇದರ ಇನ್ನೊಂದು ಎಲ್ಲೈತಿ?”

“ಇನ್ನೊಂದಿಲ್ಲಕ್ಕ. ಇದೊಂದ.”

“ಖರೇನ?”

“ಖರೇನವಾ.”

ಅವ್ವ ಆ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದುಹೋಗಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

ಈ ಯಂತ್ರ ಹುಟ್ಟಿದ್ದು ಒಂದು ಕೂಸಿನ ಪ್ರಶ್ನೆಯಿಂದ. 1943ರಲ್ಲಿ ಅಮೆರಿಕೆಯ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ತನ್ನ ಮೂರು ವರ್ಷದ ಮಗಳು ಜೆನಿಫರಳ ಫೋಟೋ ತೆಗೆದನಂತೆ. ಈಗಲೇ ಯಾಕೆ ನೋಡಬಾರದು ಎಂದು ಮಗಳು ಕೇಳಿದಳು. ಅಪ್ಪ ಅದನ್ನು ಹುಡುಗಾಟದ ಮಾತೆಂದು ತಳ್ಳಿಹಾಕಲಿಲ್ಲ. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ವಿಜ್ಞಾನಿಗಳ ಮುಂದೆ ತನ್ನದೇ ಮುಖದ ಫೋಟೋ ತೆಗೆದು, ಒಂದು ನಿಮಿಷದಲ್ಲಿ ಸುಲಿದು ತೋರಿಸಿದ. ಮರುವರ್ಷ ನವೆಂಬರಿನಲ್ಲಿ ಬೋಸ್ಟನ್ನಿನ ಅಂಗಡಿಯಲ್ಲಿ ಮೊದಲ ಕ್ಯಾಮೆರಾ ಮಾರಾಟಕ್ಕೆ ಬಂತು. ತಾನೇ ಹೊರಬಂದು ಕಣ್ಣೆದುರೇ ಮೂಡುವ ಹಾಳೆ ಬಂದದ್ದು 1972ರಲ್ಲಿ.

ಈ ಹಾಳೆಯ ಕೆಳಗಿನ ಅಂಚು ಉಳಿದ ಮೂರಕ್ಕಿಂತ ಅಗಲ. ಅದು ಚೆಂದಕ್ಕಲ್ಲ. ರಸಾಯನದ ಒಂದು ಪುಟ್ಟ ಪೊಟ್ಟಣ ಅದರಲ್ಲಿ ಅಡಗಿರುತ್ತದೆ. ಹಾಳೆ ಎರಡು ರೋಲರುಗಳ ನಡುವಿನಿಂದ ಹೊರಬರುವಾಗ ಪೊಟ್ಟಣ ಒಡೆದು, ಲತ್ತುಗುಣಿಯ ಕೆಳಗೆ ರೊಟ್ಟಿ ಹಿಟ್ಟು ಹರಡಿದಂತೆ ರಸ ಒಂದೇ ಸಮ ಹರಡುತ್ತದೆ. ಕತ್ತಲೆ ಕೋಣೆಯ ಕೆಲಸವೆಲ್ಲ ಆ ಅಂಗೈಯಗಲದ ಹಾಳೆಯೊಳಗೇ ಮುಗಿಯುತ್ತದೆ. ನಡುವೆ ಇನ್ನೊಬ್ಬರ ಕೈ ಇಲ್ಲ.

ಹಾಗಂತ ಹೆಣ್ಣಿನ ಕೈ ಇರಲಿಲ್ಲವೆಂದಲ್ಲ. ಕಲೆಯ ಇತಿಹಾಸ ಓದಿ 1945ರಲ್ಲಿ ಪೊಲರಾಯ್ಡ್ ಸೇರಿದ ಮೆರೋಯೆ ಮೋರ್ಸ್ ಎಂಬಾಕೆ, ವಿಜ್ಞಾನದ ಪದವಿ ಇಲ್ಲದೆಯೂ ಕಪ್ಪು-ಬಿಳುಪು ಫಿಲ್ಮಿನ ಸಂಶೋಧನೆಗೆ ಮುಖ್ಯಸ್ಥೆಯಾದರು. ಅದೇ ಕಂಪನಿಯಲ್ಲಿ ರಸಾಯನ ವಿಭಾಗದಲ್ಲಿದ್ದ ಕೆರೊಲಿನ್ ಹಂಟರ್ ಎಂಬ ಕಪ್ಪು ಜನಾಂಗದ ತರುಣಿ 1970ರಲ್ಲಿ ಒಂದು ಗುರುತಿನ ಚೀಟಿಯ ಮಾದರಿ ನೋಡಿ ದಂಗಾದಳು. ದಕ್ಷಿಣ ಆಫ್ರಿಕದ ಬಿಳಿಯರ ಸರಕಾರ ಕಪ್ಪು ಜನರ ಓಡಾಟವನ್ನು ಕಟ್ಟಿಹಾಕಲು ಹೊರಿಸಿದ್ದ ಗುರುತಿನ ಪುಸ್ತಕಗಳ ಫೋಟೋಕ್ಕೆ ತನ್ನ ಕಂಪನಿಯ ಫಿಲ್ಮೇ ಬಳಕೆಯಾಗುತ್ತಿತ್ತು. ಆಕೆ ಮತ್ತು ಜೊತೆಗಾರ ಕೆನ್ ವಿಲಿಯಮ್ಸ್ ಪ್ರತಿಭಟನೆಗೆ ನಿಂತರು. ಆಕೆಯ ನೌಕರಿ ಹೋಯಿತು. ಏಳು ವರ್ಷದ ಮೇಲೆ, 1977ರಲ್ಲಿ, ಪೊಲರಾಯ್ಡ್ ಆ ದೇಶದ ವ್ಯಾಪಾರ ನಿಲ್ಲಿಸಿತು. ಇದನ್ನು ಓದಿದಾಗ ನನಗೆ ಅವ್ವ ನೆನಪಾದಳು. ಫೋಟೋ ಎಷ್ಟು ಬೇಗ ಬಂತು ಎನ್ನುವುದಲ್ಲ, ಬಂದ ಮೇಲೆ ಅದು ಯಾರ ಕೈಯಲ್ಲಿ ಉಳಿಯಿತು ಎನ್ನುವುದೇ ದೊಡ್ಡ ಮಾತು.

ಅವ್ವನ ಕೈಯಲ್ಲಿ ಅದು 23 ವರ್ಷ ಉಳಿಯಿತು. ತನಗೆ ಬೇಕಾದವರು ಬಂದಾಗಷ್ಟೇ ಟ್ರಂಕು ತೆಗೆಯುತ್ತಿದ್ದಳು. “ಗ್ವಾಡಿಗೆ ಮಾತ್ರ ಹಾಕಬ್ಯಾಡ್ರಿ” ಎನ್ನುತ್ತಿದ್ದಳು. 2006ರಲ್ಲಿ ಅವ್ವ ಹೋದಳು. ತಿಥಿಗೆ ಫೋಟೋ ಬೇಕಾಯಿತು. ಇದ್ದದ್ದು ಅದೊಂದೇ. ನಾನು ಬೇಡವೆಂದೆ. ಅಣ್ಣ, “ನಾಳೆ ಮೊಮ್ಮಕ್ಕಳು ಅಜ್ಜೀ ಮಾರಿ ನೋಡೂದು ಬ್ಯಾಡೇನು?” ಎಂದ. ಅವನದೂ ಸುಳ್ಳಲ್ಲ. ದೊಡ್ಡದು ಮಾಡಿಸಲು ಒಂದು ಸ್ಟುಡಿಯೋಕ್ಕೆ ಕೊಟ್ಟೆವು.

ಬಂದ ಫೋಟೋದಲ್ಲಿ ಒಲೆ ಇರಲಿಲ್ಲ. ಹಿಂದೆ ನೀಲಿ ಪರದೆ, ಕೊರಳಲ್ಲಿ ಅವ್ವ ಎಂದೂ ಹಾಕದ ಬಂಗಾರದ ಸರ. ಹಿಟ್ಟಿನ ಕೈಗಳು ಕತ್ತರಿಸಿ ಹೋಗಿದ್ದವು. ಅಸಲು ಫೋಟೋವನ್ನು ಕೊಡುತ್ತ ಅಲ್ಲಿಯ ಹುಡುಗ, “ಅಂಚು ಕತ್ತರಿಸಿ ನೀಟ್ ಮಾಡೀನ್ರಿ” ಎಂದ. ಪಾಪ, ಅವನಿಗೆ ಗೊತ್ತಿರಲಿಲ್ಲ. ಆ ಹಾಳೆ ಹಲವು ಪದರಗಳ ಗಂಟು, ಬಿಳಿ ಅಂಚೇ ಅದರ ಕಟ್ಟು. ಒಂದೆರಡು ಮಳೆಗಾಲದಲ್ಲಿ ಪದರಗಳು ಬಿಟ್ಟುಕೊಂಡು, ಅವ್ವನ ನಗೆ ಹಪ್ಪಳದಂತೆ ಎದ್ದು ಬಂತು. ಇನ್ನೊಂದು ಪ್ರತಿ ಇಲ್ಲ ಎನ್ನುವುದು ಆಕೆಗೆ ಧೈರ್ಯವಾಗಿತ್ತು. ನನಗೆ ಅದೇ ನಷ್ಟವಾಯಿತು.

ಅತ್ತ ಪೊಲರಾಯ್ಡಿಗೂ ಒಳ್ಳೆಯ ಕಾಲ ಉಳಿದಿರಲಿಲ್ಲ. ಡಿಜಿಟಲ್ ಕ್ಯಾಮೆರಾಗಳ ಮುಂದೆ ಸೋತು 2001ರಲ್ಲಿ ದಿವಾಳಿಯೆದ್ದಿತು. 2008ರಲ್ಲಿ ಫಿಲ್ಮು ಮಾಡುವುದನ್ನೇ ನಿಲ್ಲಿಸುವುದಾಗಿ ಸಾರಿತು. ನೆದರ್ಲೆಂಡಿನ ಎನ್‌ಸ್ಕೆಡೆಯಲ್ಲಿದ್ದ ಕೊನೆಯ ಕಾರಖಾನೆಯ ಯಂತ್ರಗಳನ್ನು ಕೆಲವರು ಕೊಂಡು ಉಳಿಸಿಕೊಂಡರು. ಹಳೆಯ ರಸಾಯನಗಳು ಸಿಗುವಂತಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಕಂಡುಕೊಂಡು 2010ರಲ್ಲಿ ಮತ್ತೆ ಫಿಲ್ಮು ಹೊರತಂದರು. ಇಂದು ಅದೇ ಪೊಲರಾಯ್ಡ್ ಹೆಸರಿನಲ್ಲಿ ಬರುತ್ತಿದೆ. ಜಪಾನಿನ ಫೂಜಿ ಕಂಪನಿ 1998ರಲ್ಲಿ ಇನ್‌ಸ್ಟ್ಯಾಕ್ಸ್ ಎಂಬ ಚಿಕ್ಕ ಕ್ಯಾಮೆರಾ ತಂದಿತು. ನಮ್ಮ ಹುಡುಗಿಯರ ಕೈಯಲ್ಲಿ ಕಾಣುವುದು ಹೆಚ್ಚಾಗಿ ಇದೇ.

ನಮ್ಮ ಮನೆಗೆ ಇದನ್ನು ತಂದವಳು ಅಣ್ಣನ ಮಗಳು. ಹುಬ್ಬಳ್ಳಿಯಲ್ಲಿ ಕಾಲೇಜಿನಲ್ಲಿ ಕಲಿಸುತ್ತಾಳೆ. ಹೋದ ವರ್ಷ ಅಣ್ಣ ಅವಳ ಫೋಟೋವನ್ನು ಸಂಬಂಧ ನೋಡುವವರೊಬ್ಬರ ಮೊಬೈಲಿಗೆ ಕಳಿಸಿದ್ದ. ಒಂದು ತಿಂಗಳಲ್ಲಿ ಅದು ಎಲ್ಲೆಲ್ಲಿಯೋ ಸುತ್ತಿ, ಅವಳ ವಿದ್ಯಾರ್ಥಿಯೊಬ್ಬನ ಮೊಬೈಲಿಗೂ ಬಂತಂತೆ. ಯುಗಾದಿಗೆ ಬಂದವಳು ನನ್ನ ಪಕ್ಕ ಕೂತು, “ಅತ್ತಿ, ನನ್ನ ಮಾರಿ ಯಾರ್‍ಯಾರ ಕಡೆ ಐತೋ ನನಗ ಗೊತ್ತಿಲ್ಲ” ಎಂದಳು. ನನಗೆ ಮೈ ಜುಮ್ಮೆಂದಿತು. ಅಜ್ಜಿಯ ಮಾತು ಅವಳು ಕೇಳಿರಲೇ ಇಲ್ಲ. ಅಜ್ಜಿ ಹೋದಾಗ ಅವಳಿಗೆ ಎಂಟು ವರ್ಷ.

ಹಬ್ಬದ ಮರುದಿನ ಹತ್ತು ಹಾಳೆಯ ಒಂದು ಪ್ಯಾಕು ಹಾಕಿದಳು. ಒಂದು ಹಾಳೆಗೆ ಐವತ್ತು ರೂಪಾಯಿಗೆ ಕಡಿಮೆಯಿಲ್ಲ. ಮೊಬೈಲಿನಲ್ಲಿ ನಲವತ್ತು ತೆಗೆದು ಒಂದನ್ನೂ ನೋಡದವರು ನಾವು, ಅಂದು ಒಂದು ಫೋಟೋ ಯಾರದು ಎಂದು ನಿರ್ಧರಿಸಲಿಕ್ಕೆ ಅರ್ಧ ತಾಸು ಕೂತೆವು.

ಮೊದಲನೆಯದು ಅಣ್ಣನದು. ಮಟಮಟ ಮಧ್ಯಾಹ್ನ, ಸುಣ್ಣದ ಗೋಡೆಯ ಮುಂದೆ. ಗೋಡೆ ಹಾಲಿನಂತೆ ಬಂತು, ರುಮಾಲಿನ ನೆರಳಿನಲ್ಲಿ ಅಣ್ಣನ ಮುಖ ಎರೆಮಣ್ಣಿನಂತೆ ಬಂತು. ಈ ಫಿಲ್ಮಿಗೆ ತೀರ ಬೆಳಕು, ತೀರ ನೆರಳು ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಕಡಿಮೆ. ನಮ್ಮೂರಿನ ಬಿಸಿಲಿನಲ್ಲಿ ಇರುವುದು ಆ ಎರಡೇ. ಎರಡನೆಯದು ಅತ್ತಿಗೆಯದು. ಹತ್ತಿರದಿಂದ ತೆಗೆದದ್ದಕ್ಕೆ ಒಂದು ಕಡೆಯ ಕಿವಿ, ಅರ್ಧ ಹಣೆ ಹೋಯಿತು. ನಾವು ನೋಡುವ ಕಿಂಡಿ ಒಂದು ಕಡೆ, ಚಿತ್ರ ಹಿಡಿಯುವ ಕಣ್ಣು ಇನ್ನೊಂದು ಕಡೆ. ಆಮೇಲೆ ಅಣ್ಣನ ಮೊಮ್ಮಗ ಹಿಂದಿನ ಬಾಗಿಲು ತೆರೆದು ಒಳಗೇನಿದೆ ಎಂದು ಇಣುಕಿದ. ಎರಡು ಹಾಳೆ ಬೆಳಕು ಕುಡಿದು ಬೆಳ್ಳಗಾದವು. ನೂರು ರೂಪಾಯಿ ಹೋಯಿತೆಂದು ಅವನಪ್ಪ ಬೈದ.

ಬಿಸಿಲೇ ದೊಡ್ಡ ತೊಡಕು. ಇನ್‌ಸ್ಟ್ಯಾಕ್ಸ್ 5ರಿಂದ 40 ಡಿಗ್ರಿಯೊಳಗೆ ಕೆಲಸ ಮಾಡುತ್ತದೆ. ಈಗಿನ ಪೊಲರಾಯ್ಡಂತೂ 28 ದಾಟಿದರೆ ಮುನಿಸಿಕೊಳ್ಳುತ್ತದೆ. ನರಗುಂದದ ಚೈತ್ರ ಅದಕ್ಕೆ ಆಗಿಬರುವುದಿಲ್ಲ. ಒಡೆಯದ ಪ್ಯಾಕು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇರಬೇಕು. ಮೇಲಿನ ಬರ್ಫದ ಖಾನೆಯಲ್ಲಿ ಅಲ್ಲ. ತೆಗೆದ ಕೂಡಲೇ ಬಳಸದೆ ಒಂದಷ್ಟು ಹೊತ್ತು ಹೊರಗಿಡಬೇಕು. ಹೊರಬಂದ ಹಾಳೆಯನ್ನು ಬೀಸಣಿಕೆಯಂತೆ ಬೀಸಬಾರದು. ಬೀಸಿದರೆ ಬೇಗ ಮೂಡುವುದಿಲ್ಲ, ಕೆಡುವ ಸಂಭವವೇ ಹೆಚ್ಚು.

ಸಂಜೆ ಗುಡ್ಡ ಹಿಂದೆ ಬರುವಂತೆ ಎಲ್ಲರನ್ನೂ ನಿಲ್ಲಿಸಿ ತೆಗೆದಳು. ಫ್ಲ್ಯಾಶಿನ ಬೆಳಕು ನಾಲ್ಕು ಮಾರು ದೂರವೂ ಹೋಗುವುದಿಲ್ಲ. ನಾವು ಬಂದೆವು, ನರಗುಂದದ ಗುಡ್ಡ ಕತ್ತಲಾಯಿತು. ಆದರೂ ಆ ಒಂದೂವರೆ ನಿಮಿಷದ ಸುಖವನ್ನು ಹೇಗೆ ಹೇಳಲಿ! ಹಾಳೆಯನ್ನು ಕಟ್ಟೆಯ ಮೇಲಿಟ್ಟು ಹನ್ನೊಂದು ಮಂದಿ ತಲೆ ತಗ್ಗಿಸಿ ನಿಂತಿದ್ದೆವು. ಯಾರೂ ಮಾತಾಡಲಿಲ್ಲ. ಮೊದಲು ಸೀರೆಯ ಬಣ್ಣ, ಆಮೇಲೆ ಹಲ್ಲು, ಆಮೇಲೆ ಕಣ್ಣು. “ಅಕಾ, ನಾ ಬಂದೆ” ಎಂದು ಕೂಸು ಕೂಗಿತು. ಪಕ್ಕದ ಮನೆಯ ಚಿಗವ್ವ ತನ್ನದೊಂದು ಹಾಳೆಯನ್ನು ಕುಬಸದಲ್ಲಿಟ್ಟುಕೊಂಡು ಹೋದಳು. ಪುಣೆಯ ಮಗಳಿಗೆ ಕಳಿಸುತ್ತೀಯಾ ಎಂದರೆ, “ಆಕೀ ಬಂದು ನೋಡ್ಲಿ ತಗೋ” ಎಂದಳು.

ಕೊನೆಯ ಹಾಳೆಯಲ್ಲಿ ಹುಡುಗಿ ತನ್ನದನ್ನು ತೆಗೆ ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟಳು. ಅಡಿಗೆಮನೆಯಲ್ಲಿ, ಅಜ್ಜಿ ಕೂತಿದ್ದ ಜಾಗದಲ್ಲಿ ಕೂತಳು. ಈಗ ಅಲ್ಲಿ ಗ್ಯಾಸಿನ ಕಟ್ಟೆ. ನನ್ನ ಕೈ ನಡುಗಿದರೂ ಫೋಟೋ ಚೆನ್ನಾಗಿ ಬಂತು. ಅವ್ವನ ಕಥೆ ಹೇಳಿ, ಇದನ್ನು ಮೊಬೈಲಿನಲ್ಲಿ ಒಂದು ನಕಲು ಮಾಡಿಟ್ಟುಕೊಳ್ಳಲೇ ಎಂದು ಕೇಳಿದೆ. “ಬ್ಯಾಡತ್ತಿ” ಎಂದಳು. ನನಗೆ ಕಳವಳವೇ ಆಯಿತು. ಅಂದು ಒಂದು ನಕಲು ಮಾಡಿಟ್ಟಿದ್ದರೆ ಇಂದು ಅವ್ವನ ಒಲೆ, ಹಿಟ್ಟಿನ ಕೈ ನನ್ನ ಬಳಿ ಇರುತ್ತಿದ್ದವು. ಹುಡುಗಿಯ ಮಾತು ಸರಿಯೋ, ನನ್ನ ಕಳವಳ ಸರಿಯೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆದರೆ ಮಾರಿ ಅವಳದು. ನಾನು ಸುಮ್ಮನಾದೆ. ಅವಳು ಬಿಳಿ ಅಂಚಿನಲ್ಲಿ ಪೆನ್ನಿನಿಂದ ತಾರೀಖು ಬರೆದು ಪರ್ಸಿನಲ್ಲಿಟ್ಟುಕೊಂಡಳು.

ಮುಂದಿನ ತಿಂಗಳು ಬಾಗಲಕೋಟೆಯ ಕಡೆಯವರು ಹುಡುಗಿಯನ್ನು ನೋಡಲು ಬಂದಿದ್ದರು. ಅವಲಕ್ಕಿ, ಚಹಾ ಎಲ್ಲ ಆಯಿತು. ಹುಡುಗನ ತಾಯಿ, “ಒಂದು ಫೋಟೋ ಇದ್ರ ಕೊಡ್ರಿ” ಎಂದರು. ಹುಡುಗಿ ಪರ್ಸಿನಿಂದ ಅದನ್ನು ತೆಗೆದು ಅವರ ಕೈಗೆ ಕೊಟ್ಟಳು. ಅವರು ಮೆಚ್ಚಿ ನೋಡಿ, ಮೊಬೈಲು ತೆಗೆದು ಅದರದೊಂದು ಫೋಟೋ ಹೊಡೆಯಲು ಹೋದರು.

“ಬ್ಯಾಡ್ರಿ ಅತ್ತ್ಯಾರ” ಎಂದು ಅವಳು ಕೈ ಚಾಚಿದಳು. “ನಾನ ಇಲ್ಲೇ ಕುಂತೀನಲ್ರಿ.”

ಅಣ್ಣ ನೆಲ ನೋಡಿದ. ಆ ತಾಯಿ ಒಂದು ಗಳಿಗೆ ಸುಮ್ಮನಿದ್ದು, ಫೋಟೋವನ್ನು ತಿರುಗಿ ಅವಳ ಕೈಯಲ್ಲಿಟ್ಟು, ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದರು. ಮಾತುಕತೆ ಇನ್ನೂ ನಡೆದಿದೆ.